ರೋಲರ್ ಕೋಸ್ಟರ್ ಕೊನೆಗೆ ಬರೆಯಿರಿ: ಮಲೆನಾಡಿಗೊಂದು ಕಲ್ಪನೆಯ ಥೀಮ್ ಪಾರ್ಕ್, ಲೆಕ್ಕದ ಸಮೇತ

ಥೀಮ್ ಪಾರ್ಕ್ ಪ್ಲಾನ್ ಮಾಡಿ ತಂದು ತೋರಿಸುವ ಕಾಲೇಜು ಮಕ್ಕಳದ್ದು ಹೆಚ್ಚುಕಡಿಮೆ ಒಂದೇ ಕಥೆ. ಮೊದಲ ಹಾಳೆಯಲ್ಲಿ ರೋಲರ್ ಕೋಸ್ಟರ್, ಎರಡನೇ ಹಾಳೆಯಲ್ಲಿ ವಾಟರ್ ಪಾರ್ಕ್. ಕೊನೆಯ ಹಾಳೆಗೆ ಬರುವಷ್ಟರಲ್ಲಿ ದುಡ್ಡು ಖಾಲಿ. ಶೌಚಾಲಯಕ್ಕೆ ಜಾಗ ಇಲ್ಲ, ಚರಂಡಿಯ ಸುದ್ದಿಯೇ ಇಲ್ಲ. ಹೋದ ಸಲ ಒಬ್ಬಳು ಹುಡುಗಿ ತಂದ ಗ್ರಾಫ್ ಶೀಟ್ ನೋಡಿ ಖುಷಿಯಾಗಿತ್ತು. ಬಣ್ಣದ ಪೆನ್ಸಿಲ್‌ನಲ್ಲಿ ಒಂದೊಂದು ಮರವನ್ನೂ ಬಿಡಿಸಿದ್ದಳು. ಆದರೆ ಕೋಸ್ಟರ್‌ನ ನಾಲ್ಕು ಕಂಬ ಹಳ್ಳದ ನಡುವೆ ನಿಂತಿದ್ದವು. ಬೇಸಿಗೆಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ದಾಟುವ ಹಳ್ಳ ಅದು. ಜುಲೈನಲ್ಲಿ ಕಾಲುಸಂಕ ಇಲ್ಲದೆ ಆಚೆ ದಡ ಸೇರಲಾಗದು.

ಕಲ್ಪನೆಯ ಪಾರ್ಕ್ ಅಲ್ವಾ, ಇಷ್ಟೆಲ್ಲ ಲೆಕ್ಕ ಯಾಕೆ ಎಂದು ಕೇಳುತ್ತಾರೆ. ಲೆಕ್ಕ ಕೂಡಿದ ಮೇಲೆ ಆ ಪಾರ್ಕಿನಲ್ಲಿ ಮನಸ್ಸು ನಿಜವಾಗಿ ಓಡಾಡುತ್ತದೆ. ಅದಕ್ಕೇ ಕೇಳುತ್ತಿದ್ದೇನೆ, ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಜಾಗ, ಮಳೆ, ಜನ, ದುಡ್ಡು, ಇದಾದ ಮೇಲೆಯೇ ಆಟ. ಕ್ರಮ ತಪ್ಪಿದವರೇ ಪ್ರತಿ ಸಲ ಸಿಕ್ಕಿಹಾಕಿಕೊಳ್ಳುವುದು.

## ಬೇಕಾಗುವ ಸಾಮಾನು

ಗ್ರಾಫ್ ಶೀಟ್, ಪೆನ್ಸಿಲ್, ರಬ್ಬರ್. ಲೆಕ್ಕಕ್ಕೆ ಕಂಪ್ಯೂಟರ್‌ನಲ್ಲಿ ಒಂದು ಎಕ್ಸೆಲ್ ಶೀಟ್. ನೆಲದ ಏರುತಗ್ಗು ನೋಡಲು ಸರ್ವೆ ಆಫ್ ಇಂಡಿಯಾದ ಟೋಪೋಶೀಟ್ ಅಥವಾ ಗೂಗಲ್ ಅರ್ಥ್. ಸರ್ವೆ ನಂಬರ್ ನೋಡಲು ದಿಶಾಂಕ್ ಆ್ಯಪ್. ಹೋಬಳಿವಾರು ಮಳೆಯ ಅಂಕಿಗಳು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಸಿಗುತ್ತವೆ. ಇನ್ನೊಂದು, ಮೊಬೈಲ್‌ನ ಸ್ಟಾಪ್‌ವಾಚ್. ಅದು ಯಾಕೆ ಎನ್ನುವುದು 5ನೇ ಹಂತದಲ್ಲಿ ಗೊತ್ತಾಗುತ್ತದೆ.

ಕಂಪ್ಯೂಟರ್ ಗೇಮ್‌ಗಳಲ್ಲಿ ಪಾರ್ಕ್ ಕಟ್ಟಿ ರೂಢಿ ಇದ್ದವರು ಒಂದು ಮಾತು ನೆನಪಿಡಿ. ಅಲ್ಲಿ ನೆಲ ಸಮತಟ್ಟಾಗಿರುತ್ತದೆ, ನೀರು ತಾನಾಗಿ ಇಂಗುತ್ತದೆ. ನಮ್ಮಲ್ಲಿ ಎರಡೂ ಇಲ್ಲ.

## ಹಂತ 1: ಜಾಗ ಆರಿಸಿ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಟ್ಟುಬಿಡಿ

ಉದಾಹರಣೆಗೆ ಶಿವಮೊಗ್ಗ–ಸಾಗರ ರಸ್ತೆಯಲ್ಲಿ, ಆಯನೂರು–ಕುಂಸಿ ಕಡೆ 40 ಎಕರೆ ಇದೆ ಎಂದುಕೊಳ್ಳೋಣ. ಜೋಗಕ್ಕೆ ಹೋಗುವ ಗಾಡಿಗಳು ಈ ದಾರಿಯಲ್ಲೇ ಹೋಗುತ್ತವೆ. ತ್ಯಾವರೆಕೊಪ್ಪದ ಹುಲಿ–ಸಿಂಹಧಾಮವೂ ಇದೇ ರಸ್ತೆಯಲ್ಲಿದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟುವ ಮಳೆ ಇಲ್ಲಿಗೆ ಬರುವಷ್ಟರಲ್ಲಿ ಬಹಳಷ್ಟು ಕಡಿಮೆಯಾಗುತ್ತದೆ. ಘಟ್ಟದ ಅಂಚಿಗೆ ಹೋದಷ್ಟೂ ಚಿತ್ರ ಚೆನ್ನಾಗಿ ಬರುತ್ತದೆ, ಪಾರ್ಕ್ ನಡೆಸುವುದು ಕಷ್ಟವಾಗುತ್ತದೆ.

ಯಾವ ಜಾಗ ಮುಟ್ಟಬಾರದು ಎನ್ನುವುದನ್ನು ಮೊದಲು ಗುರುತು ಮಾಡಿ. ಕಾನು (ದಟ್ಟ ಕಾಡು), ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಬೆಟ್ಟ), ಗೋಮಾಳ, ಬಗರ್‌ಹುಕುಂ ಅರ್ಜಿ ಇರುವ ಜಮೀನು ಎಲ್ಲ ಹೊರಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮನೆ–ಗದ್ದೆ ಮುಳುಗಿ ಎದ್ದುಬಂದ ಕುಟುಂಬಗಳು ಈ ಭಾಗದಲ್ಲೆಲ್ಲ ನೆಲೆಸಿವೆ. ಎಷ್ಟೋ ಮನೆಗೆ ಇನ್ನೂ ಹಕ್ಕುಪತ್ರದ ತಕರಾರು ಮುಗಿದಿಲ್ಲ. ಅಂಥ ಊರಿನ ಮೇಲೆ ಕಲ್ಪನೆಯಲ್ಲೂ ಗೆರೆ ಎಳೆಯಬೇಡಿ.

ಆಮೇಲೆ ಇಳಿಜಾರು. ಹತ್ತು ಅಡಿ ನಡೆದರೆ ಒಂದು ಅಡಿಗಿಂತ ಜಾಸ್ತಿ ಏರುವ ಜಾಗವನ್ನು ಮರಕ್ಕೇ ಬಿಡಿ. ಹಳ್ಳದ ಎರಡೂ ಬದಿಯನ್ನೂ ಬಿಡಿ. ನಮ್ಮ 40 ಎಕರೆಯಲ್ಲಿ ಹೀಗೆ ಕಳೆದು ಉಳಿದದ್ದು 18 ಎಕರೆ ಎಂದು ಇಟ್ಟುಕೊಂಡಿದ್ದೇನೆ. ತುಂಬ ಕಡಿಮೆ ಆಯಿತು ಎನ್ನಿಸಬಹುದು. ಲೆಕ್ಕ ಮುಗಿದಾಗ ಇದೇ ಸಾಕು ಎನ್ನುತ್ತೀರಿ.

ಎಚ್ಚರಿಕೆಯ ಗುರುತು: ಜಾಗ ನೋಡಲು ಹೋದಾಗ ಧರೆಯ (ಕಡಿದಾದ ಮಣ್ಣಿನ ದಿಬ್ಬದ) ಮೇಲ್ತುದಿಯನ್ನು ನೋಡಿ. ಅಂಚಿಗೆ ಸಮನಾಗಿ ನೆಲ ಬಿರುಕು ಬಿಟ್ಟಿದ್ದರೆ, ಮರಗಳು ಕೆಳಗೆ ವಾಲಿದ್ದರೆ, ಧರೆಯ ಬುಡದಲ್ಲಿ ಕೆಂಪು ನೀರು ಒಸರುತ್ತಿದ್ದರೆ ಆ ಧರೆ ಕುಸಿಯಲು ತಯಾರಾಗಿದೆ. ಜಂಬಿಟ್ಟಿಗೆ ಮಣ್ಣು ಬೇಸಿಗೆಯಲ್ಲಿ ಕಲ್ಲಿನ ಹಾಗೆ ನಿಲ್ಲುತ್ತದೆ. ನೀರು ಕುಡಿದ ಮೇಲೆ ಅದೇ ಮಣ್ಣಿನ ಭಾರ ಅದಕ್ಕೇ ತಡೆಯುವುದಿಲ್ಲ. ಅದನ್ನು ಜೆಸಿಬಿಯಲ್ಲಿ ನೆಟ್ಟಗೆ ಕಡಿದು ಮೇಲೆ ಆಟ ಇಡುವುದು ನಾನು ನೋಡುವ ಪ್ಲಾನುಗಳಲ್ಲಿ ಎಲ್ಲಕ್ಕಿಂತ ಅಪಾಯದ ತಪ್ಪು.

## ಹಂತ 2: ಮಳೆಯ ಕ್ಯಾಲೆಂಡರ್ ಬರೆಯಿರಿ

ವರ್ಷಕ್ಕೆ 365 ದಿನ ಬಾಗಿಲು ತೆರೆದಿರುತ್ತದೆ ಎಂದು ಬರೆದವರ ಬಜೆಟ್ ಅಲ್ಲಿಗೇ ಮುಗಿಯಿತು. ಗೋಡೆಯ ಕ್ಯಾಲೆಂಡರ್ ಇಳಿಸಿ ಒಂದೊಂದೇ ದಿನ ಹೊಡೆದು ಹಾಕಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 122 ದಿನ. ಇದರಲ್ಲಿ ಶನಿವಾರ–ಭಾನುವಾರ ಮಾತ್ರ, ಅದೂ ಸೂರಿನ ಕೆಳಗಿನ ಭಾಗ ಮಾತ್ರ ತೆರೆಯಿರಿ. ಹಾಗೆ ಸುಮಾರು 35 ದಿನ ಸಿಗುತ್ತದೆ. ಉಳಿದ 243 ದಿನಗಳಲ್ಲಿ ವಾರಕ್ಕೊಂದು ದಿನ ಯಂತ್ರಗಳ ತಪಾಸಣೆಗೆ ಬಿಡಲೇಬೇಕು. ಅಲ್ಲಿಗೆ 208. ಒಟ್ಟು ತೆರೆದಿರುವುದು 243 ದಿನ.

ಮಳೆಗಾಲ ಮುಗಿದರೆ ಮಳೆ ಮುಗಿಯಿತು ಎಂದುಕೊಳ್ಳಬೇಡಿ. ಏಪ್ರಿಲ್–ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು–ಸಿಡಿಲು ಬರುತ್ತದೆ. ಮಕ್ಕಳಿಗೆ ರಜೆ ಇರುವುದೂ ಆಗಲೇ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವ ತನಕ ಎತ್ತರದ ಆಟ ಯಾವುದನ್ನೂ ನಡೆಸಬಾರದು, ಈಜುಕೊಳಕ್ಕೆ ಯಾರನ್ನೂ ಇಳಿಸಬಾರದು. ಹಾಗಾಗಿ ಬೇಸಿಗೆಯಲ್ಲಿ ಬಾಗಿಲು ಬೆಳಿಗ್ಗೆ ಬೇಗ ತೆರೆಯಿರಿ. ಎತ್ತರದ ಆಟಗಳು ಬೆಳಿಗ್ಗೆ, ಒಳಗಿನ ಆಟಗಳು ಮತ್ತು ಪ್ರದರ್ಶನ ಮಧ್ಯಾಹ್ನ ಎಂದು ಹಂಚಿ.

ಕ್ಯಾಲೆಂಡರ್‌ನಲ್ಲಿ ಇನ್ನೆರಡು ಬಣ್ಣ ಹಾಕಿ. ಒಂದು ಅಡಿಕೆ ಕೊಯ್ಲು. ಶಾಲೆ ಮಕ್ಕಳ ಪ್ರವಾಸ ಜೋರಾಗುವ ಡಿಸೆಂಬರ್–ಜನವರಿಯಲ್ಲೇ ಊರಿನ ಆಳುಗಳೆಲ್ಲ ಕೊಯ್ಲು, ಸುಲಿಯುವ ಕೆಲಸದಲ್ಲಿರುತ್ತಾರೆ. ಆಗ ದಿನಗೂಲಿಗೆ ಜನ ಸಿಗುವುದಿಲ್ಲ. ಕಾಯಂ ಸಂಬಳದ ಲೆಕ್ಕವನ್ನೇ ಹಿಡಿಯಿರಿ.

ಇನ್ನೊಂದು ಮಂಗನ ಕಾಯಿಲೆ. 1957ರಲ್ಲಿ ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಇದು. ಉಣ್ಣೆ ಕಚ್ಚಿ ಬರುತ್ತದೆ, ಬೇಸಿಗೆ ತಿಂಗಳುಗಳಲ್ಲೇ ಜಾಸ್ತಿ. ಕಾಡಿನ ಅಂಚಿನಿಂದ ಕಾಲುದಾರಿ ದೂರ ಇರಲಿ. ದಾರಿಯ ತರಗೆಲೆ ಗುಡಿಸುವುದಕ್ಕೆ ದಿನವೂ ಜನ ಇರಲಿ. ಹತ್ತಿರದಲ್ಲಿ ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಿ, ಆ ಭಾಗ ಮುಚ್ಚಿ. ಈ ನಿಯಮವನ್ನು ಪ್ಲಾನಿನಲ್ಲೇ ಬರೆದಿಡಿ.

## ಹಂತ 3: ಯಾವ ದಿನ ಎಷ್ಟು ಜನ?

"ವರ್ಷಕ್ಕೆ ಹತ್ತು ಲಕ್ಷ ಜನ ಬರುತ್ತಾರೆ" ಎಂದು ಸುಮ್ನೆ ಬರೆಯಬೇಡಿ. 2011ರ ಜನಗಣತಿಯಲ್ಲಿ ಇಡೀ ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ ಸುಮಾರು 17.5 ಲಕ್ಷ. ಬೆಂಗಳೂರು ಸುಮಾರು 300 ಕಿ.ಮೀ. ದೂರ. ಅಲ್ಲಿನವರಿಗೆ ಬಿಡದಿಯ ವಂಡರ್‌ಲಾ ಮನೆ ಹತ್ತಿರವೇ ಇದೆ. ಆದ್ದರಿಂದ ದಿನಗಳನ್ನು ನಾಲ್ಕು ಜಾತಿ ಮಾಡಿ ಎಣಿಸಿ. ಇವು ನನ್ನ ಊಹೆಯ ಅಂಕಿ, ನಿಮ್ಮದನ್ನು ನೀವೇ ಹಾಕಿಕೊಳ್ಳಿ:

- ದಸರಾ, ಬೇಸಿಗೆ ರಜೆ, ಉದ್ದದ ವಾರಾಂತ್ಯ: 40 ದಿನ, ದಿನಕ್ಕೆ 3000 ಜನ
- ಮಾಮೂಲಿ ಶನಿವಾರ–ಭಾನುವಾರ: 60 ದಿನ, 1500 ಜನ
- ವಾರದ ದಿನಗಳು: 108 ದಿನ, 500 ಜನ
- ಮಳೆಗಾಲದ ವಾರಾಂತ್ಯ: 35 ದಿನ, 400 ಜನ

ಕೂಡಿದರೆ ವರ್ಷಕ್ಕೆ 2,78,000.

ಇಲ್ಲಿ ಎಲ್ಲರೂ ಮಾಡುವ ತಪ್ಪು ಎಂದರೆ ಸರಾಸರಿ ತೆಗೆಯುವುದು. 2,78,000ವನ್ನು 243ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 1144 ಬರುತ್ತದೆ. ಅಷ್ಟಕ್ಕೇ ಶೌಚಾಲಯ ಕಟ್ಟಿದರೆ ದಸರಾ ದಿನ ಹೆಣ್ಣುಮಕ್ಕಳು ಮುಕ್ಕಾಲು ಗಂಟೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಹಾಗಂತ ವರ್ಷದಲ್ಲಿ ಒಂದೇ ಒಂದು ದಿನ ಬರುವ 4500 ಜನಕ್ಕೂ ಕಟ್ಟಬೇಡಿ, ಆ ದುಡ್ಡು ಉಳಿದ ದಿನವೆಲ್ಲ ಖಾಲಿ ಬಿದ್ದಿರುತ್ತದೆ. ನಮ್ಮ ಲೆಕ್ಕದ ದಿನ 3000 ಇರಲಿ. ಅದಕ್ಕಿಂತ ಜಾಸ್ತಿ ಬಂದರೆ ಟಿಕೆಟ್ ನಿಲ್ಲಿಸಿ.

## ಹಂತ 4: ದುಡ್ಡನ್ನು ಹಿಂದಿನಿಂದ ಮುಂದಕ್ಕೆ ಎಣಿಸಿ

ಬಹಳಷ್ಟು ಜನ ಮಾಡುವುದು ಹೀಗೆ: ಬೇಕಾದ ಆಟಗಳ ಪಟ್ಟಿ ಬರೆದು, ಬೆಲೆ ಕೂಡಿ, ಅಷ್ಟು ದುಡ್ಡು ಬೇಕು ಎನ್ನುತ್ತಾರೆ. ಇದನ್ನು ತಿರುಗಿಸಿ. ಪಾರ್ಕ್ ವರ್ಷಕ್ಕೆ ಎಷ್ಟು ಉಳಿಸುತ್ತದೆ ಎಂದು ಮೊದಲು ನೋಡಿ. ಎಷ್ಟು ದುಡ್ಡು ಹಾಕಬಹುದು ಎನ್ನುವುದನ್ನು ಅದು ಹೇಳುತ್ತದೆ.

ಬಾಗಿಲಲ್ಲಿ ಟಿಕೆಟ್ 800 ರೂಪಾಯಿ ಎಂದು ಬೋರ್ಡ್ ಹಾಕಿದರೂ ಶಾಲೆ ಮಕ್ಕಳ ರಿಯಾಯಿತಿ, ಗುಂಪಿನ ರಿಯಾಯಿತಿ ಎಲ್ಲ ಕಳೆದು ಸರಾಸರಿ 600 ಕೈಗೆ ಬರಬಹುದು. ಅದರೊಳಗೆ ಶೇ 18 ಜಿಎಸ್‌ಟಿ ಇದೆ. 600ನ್ನು 1.18ರಿಂದ ಭಾಗಿಸಿದರೆ ನಮ್ಮದು 508 ರೂಪಾಯಿ. 600ರಲ್ಲಿ ಶೇ 18 ಕಳೆದು 492 ಎಂದು ಬರೆಯುವ ತಪ್ಪು ಬಹಳ ಕಾಣುತ್ತದೆ, ಗಮನಿಸಿ. ಊಟ–ತಿಂಡಿ, ಲಾಕರ್, ಪಾರ್ಕಿಂಗ್‌ನಿಂದ ತಲೆಗೆ ತೆರಿಗೆ ಕಳೆದು 150. ಒಟ್ಟು 658.

2.78 ಲಕ್ಷ ಜನಕ್ಕೆ ಸುಮಾರು 18.3 ಕೋಟಿ ರೂಪಾಯಿ. ಇದರಲ್ಲಿ ಸಂಬಳ, ಕರೆಂಟು, ಡೀಸೆಲ್, ಬಿಡಿಭಾಗ, ವಿಮೆ, ಅಡುಗೆ ಸಾಮಾನು, ಜಾಹೀರಾತು, ಜಮೀನಿನ ಲೀಸ್ ಬಾಡಿಗೆ ಸೇರಿ ಶೇ 65 ಖರ್ಚು ಎಂದು ಹಿಡಿದಿದ್ದೇನೆ. ಅಂದರೆ 11.9 ಕೋಟಿ. ಉಳಿದದ್ದು 6.4 ಕೋಟಿ. ಹಳೆ ಆಟ ಬದಲಿಸಲು, ಬಣ್ಣ ಬಳಿಸಲು ಪ್ರತಿ ವರ್ಷ ಒಂದು ಕೋಟಿ ಎತ್ತಿಡಿ. ಕೈಯಲ್ಲಿ 5.4 ಕೋಟಿ.

ಹಾಕಿದ ದುಡ್ಡಿಗೆ ವರ್ಷಕ್ಕೆ ಶೇ 15 ಬರಬೇಕು ಎಂದಾದರೆ 5.4 ಕೋಟಿಗೆ ಸರಿಹೋಗುವ ಬಂಡವಾಳ 36 ಕೋಟಿ. ಈ ಅಂಕಿಯನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ. ಇನ್ನು ಮುಂದೆ ಎಲ್ಲವೂ ಇದರೊಳಗೇ ಆಗಬೇಕು.

## ಹಂತ 5: ಈಗ ಆಟಗಳು

ಪಾರ್ಕಿಗೆ ಎಷ್ಟು ಆಟ ಬೇಕು ಎನ್ನುವುದು ಆಸೆಯಿಂದ ತೀರ್ಮಾನ ಆಗುವುದಿಲ್ಲ, ಗಂಟೆಗೆ ಎಷ್ಟು ಜನ ಹತ್ತಿ ಇಳಿಯಬಹುದು ಎನ್ನುವುದರಿಂದ ಆಗುತ್ತದೆ.

3000 ಜನ ಬಂದ ದಿನ ಎಲ್ಲರೂ ಒಂದೇ ಹೊತ್ತಿಗೆ ಒಳಗಿರುವುದಿಲ್ಲ. ಕೆಲವರು ತಡವಾಗಿ ಬರುತ್ತಾರೆ, ಕೆಲವರು ಬೇಗ ಹೊರಡುತ್ತಾರೆ. ಶೇ 70 ಹಿಡಿದರೆ 2100. ಒಬ್ಬರಿಗೆ ಗಂಟೆಗೆ ಒಂದೂವರೆ ಆಟವಾದರೂ ಸಿಗಬೇಕು, ಇಲ್ಲದಿದ್ದರೆ ಬರೀ ಸಾಲಿನಲ್ಲಿ ನಿಂತು ಬಂದೆವು ಎನ್ನುತ್ತಾರೆ. 2100 ಗುಣಿಸು ಒಂದೂವರೆ, ಗಂಟೆಗೆ 3150 ಸೀಟು.

ಈಗ ಸ್ಟಾಪ್‌ವಾಚ್ ತೆಗೆಯಿರಿ. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಆಗುತ್ತದೆ. ಅಲ್ಲಿ ದೊಡ್ಡ ತೊಟ್ಟಿಲಿನ (ಜೈಂಟ್ ವೀಲ್) ಪಕ್ಕ ಒಂದು ಗಂಟೆ ನಿಂತು ನಾನೇ ಎಣಿಸಿದ್ದೇನೆ. ಹನ್ನೆರಡು ತೊಟ್ಟಿಲು, ಒಂದೊಂದರಲ್ಲಿ ನಾಲ್ಕು ಜನ, ಒಟ್ಟು 48. ತೊಟ್ಟಿಲು ಕೆಳಗೆ ಬಂದಾಗ ಆಳು ಅದನ್ನು ಸೊಂಟಕ್ಕೆ ಒತ್ತಿ ನಿಲ್ಲಿಸುತ್ತಾನೆ, ಕೊಂಡಿ ಬಿಚ್ಚುತ್ತಾನೆ. ಇಳಿಯುವವರು ಇಳಿಯಬೇಕು. ಹತ್ತುವ ತಾಯಿ ಸೆರಗು ಸಿಕ್ಕಿಸಿಕೊಂಡು ಮಗುವನ್ನು ಮಡಿಲಿಗೆ ತೆಗೆದುಕೊಳ್ಳಬೇಕು. ಒಂದು ತೊಟ್ಟಿಲಿಗೆ 20 ಸೆಕೆಂಡ್. ಹನ್ನೆರಡಕ್ಕೆ ನಾಲ್ಕು ನಿಮಿಷ. ತಿರುಗುವುದು ಮೂರೇ ನಿಮಿಷ. ಒಂದು ಸುತ್ತಿಗೆ ಏಳು ನಿಮಿಷವಾದರೆ ಗಂಟೆಗೆ ಕಾಗದದ ಮೇಲೆ ಸುಮಾರು 410 ಜನ. ನಾನು ಎಣಿಸಿದಾಗ 300 ಕೂಡ ದಾಟಲಿಲ್ಲ. ಕೆಲವು ತೊಟ್ಟಿಲಲ್ಲಿ ಇಬ್ಬರೇ ಕೂತಿದ್ದರು, ಒಂದು ಸಲ ಹೆದರಿದ ಅಜ್ಜಿಯನ್ನು ನಡುವೆ ಇಳಿಸಿದರು.

ಹಾಗಾಗಿ ಆಟದ ಕಂಪನಿ ಕೊಡುವ ಅಂಕಿಯ ಮುಕ್ಕಾಲು ಭಾಗ ಮಾತ್ರ ಹಿಡಿಯಿರಿ. 16 ಸೀಟಿನ ಚಿಕ್ಕ ಕೋಸ್ಟರ್ ಎರಡೂವರೆ ನಿಮಿಷಕ್ಕೊಮ್ಮೆ ಹೊರಟರೆ ಗಂಟೆಗೆ 384, ನಿಜದಲ್ಲಿ 288. ಒಂದು ಆಟಕ್ಕೆ ಸರಾಸರಿ 300 ಎಂದರೂ 3150 ಮುಟ್ಟಲು ಹನ್ನೊಂದು ಆಟ ಬೇಕು. ಪ್ರದರ್ಶನದ ಸಭಾಂಗಣವನ್ನೂ ಒಂದು ಆಟವಾಗಿ ಎಣಿಸಬಹುದು.

ಹನ್ನೊಂದರಲ್ಲಿ ಮೂರು ಪೂರ್ತಿ ಸೂರಿನ ಕೆಳಗಿರಲಿ. ಮಳೆಗಾಲದ ವಾರಾಂತ್ಯದ 400 ಜನಕ್ಕೆ ಎರಡೇ ಸಾಕು. ಮೂರನೆಯದು ಒಂದು ಕೆಟ್ಟು ನಿಂತರೆ ಬೇಕಾಗುತ್ತದೆ. ಅಜ್ಜ–ಅಜ್ಜಿ ಮತ್ತು ಮೂರು ವರ್ಷದ ಮಗು ಒಟ್ಟಿಗೆ ಕೂರುವಂಥವು ನಾಲ್ಕಾದರೂ ಇರಲಿ. ನಮ್ಮಲ್ಲಿ ಇಡೀ ಮನೆಯವರು ಒಟ್ಟಿಗೆ ಬರುತ್ತಾರೆ.

ಸುರಕ್ಷತೆಗೆ ಯುರೋಪಿನ ಇಎನ್ 13814 ಅಥವಾ ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಎಫ್24 ಸಮಿತಿಯ ಮಾನದಂಡಕ್ಕೆ ಹೊಂದುವ ಆಟವನ್ನೇ ಪಟ್ಟಿಗೆ ಸೇರಿಸಿ. ಕರೆಂಟ್ ಹೋದಾಗ ಮೇಲಿರುವವರನ್ನು ಕೆಳಗಿಳಿಸುವುದು ಹೇಗೆ ಎನ್ನುವುದನ್ನು ಪ್ರತಿ ಆಟದ ಎದುರು ಒಂದು ಸಾಲು ಬರೆಯಿರಿ. ಬರೆಯಲು ಬಾರದಿದ್ದರೆ ಆ ಆಟ ಬೇಡ.

## ಹಂತ 6: ಕಥೆ

ಒಂದೇ ಕಥೆ ಸಾಕು. ಕೆಳದಿಯೂ ಬೇಕು, ಜೋಗವೂ ಬೇಕು, ಡೈನೋಸಾರೂ ಬೇಕು ಎಂದರೆ ಯಾವುದೂ ನಿಲ್ಲುವುದಿಲ್ಲ. ನಾನಾದರೆ ಶರಾವತಿಯ ಒಂದು ಹನಿಯ ದಾರಿಯನ್ನು ಆರಿಸುತ್ತೇನೆ. ಬಾಗಿಲ ಹತ್ತಿರ ಶರಾವತಿ ಹುಟ್ಟುವ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥ, ಆಮೇಲೆ ಕಾಡು, ಆಮೇಲೆ ತೋಟ ಮತ್ತು ಆಲೆಮನೆ, ಆಮೇಲೆ ಜೋಗದ 253 ಮೀಟರ್ ಜಿಗಿತ, ಕೊನೆಗೆ ಹೊನ್ನಾವರದ ಸಮುದ್ರ. ನೀರಿನ ಆಟ ಎಲ್ಲಿ, ಊಟ ಎಲ್ಲಿ, ದೊಡ್ಡ ಆಟ ಎಲ್ಲಿ ಎನ್ನುವುದು ಇದರಿಂದಲೇ ಗೊತ್ತಾಗುತ್ತದೆ.

## ಹಂತ 7: ನಕ್ಷೆಯಲ್ಲಿ ಮೊದಲ ಗೆರೆ ಚರಂಡಿಯದ್ದು

ಒಂದು ಎಕರೆ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಸುಮಾರು 4 ಲಕ್ಷ ಲೀಟರ್ ನೀರು. ಕಟ್ಟಡ, ದಾರಿ, ಪಾರ್ಕಿಂಗ್ ತುಂಬಿದ 18 ಎಕರೆ ಮೇಲೆ ಒಂದು ಗಂಟೆಯಲ್ಲಿ 50 ಮಿ.ಮೀ. ಹೊಡೆದರೆ ಸೆಕೆಂಡಿಗೆ ಹತ್ತಿರ ಹತ್ತಿರ 1000 ಲೀಟರ್ ಹರಿಯುತ್ತದೆ. ಆ ನೀರು ಎಲ್ಲಿಗೆ ಹೋಗುತ್ತದೆ? ಕೆಳಗಿರುವ ಯಾರದೋ ಗದ್ದೆಗೆ, ಯಾರದೋ ಅಡಿಕೆ ತೋಟಕ್ಕೆ. ಆದ್ದರಿಂದ ಚರಂಡಿ, ಮಧ್ಯೆ ಒಂದು ಕೆರೆ, ಕೆರೆಯ ಕೋಡಿ, ಕೋಡಿಯಿಂದ ಹಳ್ಳಕ್ಕೆ ಕಲ್ಲು ಕಟ್ಟಿದ ದಾರಿ, ಇಷ್ಟನ್ನು ನೀಲಿ ಬಣ್ಣದಲ್ಲಿ ಮೊದಲು ಎಳೆಯಿರಿ. ಬೇಸಿಗೆ ರಜೆಯಲ್ಲಿ ಜನ ಜಾಸ್ತಿ, ಬಾವಿಯಲ್ಲಿ ನೀರು ಕಡಿಮೆ. ಆ ಕೆರೆ ಆಗ ಕೈಹಿಡಿಯುತ್ತದೆ. ಇಂಗುಗುಂಡಿಯನ್ನು ಮಾತ್ರ ಕಡಿದ ಧರೆಯ ಮೇಲೆ ತೋಡಬೇಡಿ.

ಎರಡನೇ ಗೆರೆ ಹಿಂಬದಿ ರಸ್ತೆ. ಗ್ಯಾಸ್ ಸಿಲಿಂಡರ್, ಕಸದ ಗಾಡಿ, ಆಂಬುಲೆನ್ಸ್ ಜನರ ದಾರಿಗೆ ಬರದೆ ಪ್ರತಿ ಆಟದ ಹತ್ತಿರ ಹೋಗಬೇಕು. ಮೂರನೆಯದು ಜನರ ದಾರಿ. ಹೋದ ದಾರಿಯಲ್ಲೇ ವಾಪಸ್ ಬರುವ ಹಾಗೆ ಮಾಡದೆ ಒಂದು ಸುತ್ತು ಮಾಡಿ. ಗಾಲಿಕುರ್ಚಿಗೆ 12 ಅಡಿಗೆ 1 ಅಡಿ ಏರು, ಅದಕ್ಕಿಂತ ಕಡಿದಾಗಬಾರದು. ನುಣುಪು ಟೈಲ್ಸ್ ಹಾಕಿದರೆ ಮೊದಲ ಮಳೆಗಾಲದಲ್ಲೇ ಪಾಚಿ ಕಟ್ಟಿ ಜನ ಜಾರಿ ಬೀಳುತ್ತಾರೆ. ಒರಟು ಕಲ್ಲೇ ಸರಿ. ಸಾಲು ನಿಲ್ಲುವ ಜಾಗಕ್ಕೆಲ್ಲ ಹೆಂಚಿನ ಸೂರು, ಅದೂ ನಮ್ಮ ಹಳೇ ಮನೆಗಳ ಹಾಗೆ ಚೆನ್ನಾಗಿ ಇಳಿಬಿಟ್ಟ ಸೂರು ಬೇಕು. ಮಲೆನಾಡಿನ ಇರಚಲು ಮೇಲಿಂದ ಬರುವುದಿಲ್ಲ, ಬದಿಯಿಂದ ಬರುತ್ತದೆ.

ಪಾರ್ಕಿಂಗ್‌ಗೆ ಒಂದು ಕಾರಿಗೆ ಓಡಾಟದ ಜಾಗ ಸೇರಿ 300 ಚದರ ಅಡಿ. 2100 ಜನರಲ್ಲಿ ಅರ್ಧ ಜನ ಕಾರಿನಲ್ಲಿ, ಕಾರಿಗೆ ನಾಲ್ವರು ಎಂದರೆ 263 ಕಾರು, ಸುಮಾರು 1.8 ಎಕರೆ. ಬಸ್ಸು, ಬೈಕು ಸೇರಿ ಮೂರು ಎಕರೆ ಇಡಿ.

## ಹಂತ 8: 36 ಕೋಟಿ ಹಂಚುವುದು

ಕೋಟಿ ರೂಪಾಯಿಗಳಲ್ಲಿ ನನ್ನ ಹಂಚಿಕೆ ಹೀಗಿದೆ:

- ಆಟದ ಯಂತ್ರಗಳು: 10
- ಸಾಗಣೆ, ಅಡಿಪಾಯ, ಜೋಡಣೆ: 2.5
- ನೆಲ ಸಮ ಮಾಡುವುದು, ತಡೆಗೋಡೆ, ಚರಂಡಿ, ಕೆರೆ, ರಸ್ತೆ, ಪಾರ್ಕಿಂಗ್: 6
- ಕಟ್ಟಡ, ಅಡುಗೆಮನೆ, ಶೌಚಾಲಯ, ಸೂರು: 5.5
- ನೀರು ಶುದ್ಧೀಕರಣ, ಕೊಳಚೆ ನೀರಿನ ಘಟಕ, ಟ್ರಾನ್ಸ್‌ಫಾರ್ಮರ್, ಜನರೇಟರ್: 3
- ಅಲಂಕಾರ, ಗಿಡಮರ: 2
- ಸರ್ವೆ, ವಿನ್ಯಾಸ, ಭೂಪರಿವರ್ತನೆ, ಪರವಾನಗಿ: 1.5
- ತೆರೆಯುವ ಮೊದಲಿನ ಸಂಬಳ–ತರಬೇತಿ, ಮೊದಲ ಮಳೆಗಾಲದ ಖರ್ಚು: 1.5
- ಅನಿರೀಕ್ಷಿತ ಖರ್ಚಿಗೆ: 4

ಆಟದ ಯಂತ್ರಗಳಿಗೆ ಒಟ್ಟು ದುಡ್ಡಿನ ಮೂರನೇ ಒಂದು ಭಾಗವೂ ಹೋಗಿಲ್ಲ. ಇದನ್ನು ನೋಡಿ ಹುಡುಗರು ಬೇಜಾರಾಗುತ್ತಾರೆ, ನನಗೂ ಅರ್ಥವಾಗುತ್ತದೆ. ಹತ್ತು ಕೋಟಿಯನ್ನು ಹನ್ನೊಂದಕ್ಕೆ ಹಂಚಿದರೆ ಒಂದಕ್ಕೆ ಸರಾಸರಿ 90 ಲಕ್ಷ. ದೊಡ್ಡ ಕೋಸ್ಟರ್ ಇದರಲ್ಲಿ ಬರುವುದಿಲ್ಲ, ಮನೆಮಂದಿಯೆಲ್ಲ ಕೂರುವ ಚಿಕ್ಕದು ನೋಡಿ. ಕೊನೆಯ ನಾಲ್ಕು ಕೋಟಿಯಲ್ಲಿ ಕೈ ಹಾಕಿ ಇನ್ನೊಂದು ಆಟ ತರುವ ಆಸೆ ಆಗುತ್ತದೆ. ಬೇಡ. ತಡೆಗೋಡೆಯ ಅಡಿಪಾಯ ತೋಡುವಾಗ ನೀರಿನ ಸೆಲೆ ಸಿಕ್ಕಿತು ಎಂದರೆ ಆ ದುಡ್ಡೇ ಬೇಕಾಗುವುದು.

## ಹಂತ 9: ಕೆಟ್ಟ ವರ್ಷವನ್ನು ಹಾಕಿ ನೋಡಿ

ದಸರಾದಲ್ಲಿ ಮಳೆ ಹಿಡಿಯಿತು, ಏಪ್ರಿಲ್‌ನಲ್ಲಿ ಸಿಡಿಲು ಜಾಸ್ತಿಯಾಯಿತು ಎಂದುಕೊಳ್ಳಿ. 40 ದೊಡ್ಡ ದಿನಗಳಲ್ಲಿ ಹತ್ತು ದಿನ 3000ದ ಬದಲು 1000 ಜನ ಬಂದರು. ವರ್ಷಕ್ಕೆ 2.58 ಲಕ್ಷ ಜನ, ಆದಾಯ ಸುಮಾರು 17 ಕೋಟಿ. ಖರ್ಚು ಅಷ್ಟಾಗಿ ಇಳಿಯುವುದಿಲ್ಲ, ಸಂಬಳ ಕೊಡಲೇಬೇಕಲ್ಲ. 11.7 ಕೋಟಿ ಹಿಡಿದು, ಎತ್ತಿಡುವ ಒಂದು ಕೋಟಿಯನ್ನೂ ಕಳೆದರೆ ಉಳಿಯುವುದು 4.3 ಕೋಟಿ. 36 ಕೋಟಿಗೆ ಶೇ 12. ಹತ್ತೇ ದಿನ ಶೇ 15ನ್ನು 12ಕ್ಕೆ ಇಳಿಸಿತು. ನಿಮ್ಮ ಶೀಟಿನಲ್ಲಿ ಇದು ಬ್ಯಾಂಕ್ ಬಡ್ಡಿಗಿಂತ ಕೆಳಗೆ ಹೋದರೆ ಪಾರ್ಕ್ ದೊಡ್ಡದಾಯಿತು ಎಂದೇ ಅರ್ಥ.

ಆಗ ಚರಂಡಿ, ತಡೆಗೋಡೆ, ಶೌಚಾಲಯದಲ್ಲಿ ಕತ್ತರಿ ಹಾಕಬೇಡಿ. ಮೂರು ಆಟ ಮುಂದಕ್ಕೆ ಹಾಕಿ. ಎಂಟು ಆಟಕ್ಕೆ ಗಂಟೆಗೆ 2400 ಸೀಟು, ಅಂದರೆ ಒಳಗೆ ಒಂದು ಹೊತ್ತಿಗೆ 1600 ಜನ, ದಿನಕ್ಕೆ ಸುಮಾರು 2300 ಟಿಕೆಟ್. ಈ ಅಂಕಿ ಹಿಡಿದು ಮತ್ತೆ 3ನೇ ಹಂತದಿಂದ ಲೆಕ್ಕ ಮಾಡಿ. ಎರಡು–ಮೂರು ಸಲ ಸುತ್ತು ಹಾಕಿದ ಮೇಲೆಯೇ ಅಂಕಿಗಳು ಒಂದಕ್ಕೊಂದು ಕೂರುವುದು.

ಮುಂದಕ್ಕೆ ಹಾಕಿದ ಆಟಗಳ ಜಾಗವನ್ನು ನಕ್ಷೆಯಲ್ಲಿ ಹಾಗೇ ಉಳಿಸಿ. ಅಲ್ಲಿಗೆ ಕೇಬಲ್ ಪೈಪು, ನೀರಿನ ಪೈಪು ಈಗಲೇ ಹಾಕಿಸಿದ ಹಾಗೆ ಗೆರೆ ಎಳೆಯಿರಿ, ಅದರ ಖರ್ಚನ್ನು ಮೊದಲ ವರ್ಷಕ್ಕೇ ಸೇರಿಸಿ. ಮೇಲೆ ಹುಲ್ಲು ಹಾಸು, ಎರಡು ಕಲ್ಲುಬೆಂಚು ಇಡಿ. ರೋಲರ್ ಕೋಸ್ಟರ್ ಅಲ್ಲಿ ಪೆನ್ಸಿಲ್‌ನಲ್ಲೇ ಇರಲಿ.